ಮೊದಲನೆಯದು ಮತ್ತು ಉಳಿದವು

ಪಟ್ಟಿಗಳ ನಡುವೆಯೇ ತಲೆ ನರೆಸಿಕೊಂಡ ಕೇಂದ್ರ ಸರ್ಕಾರದ ಗುಮಾಸ್ತರು ನಾವು. ಸೀನಿಯಾರಿಟಿ ಪಟ್ಟಿಯ ಮೊದಲ ಹೆಸರಿನವರು ನಿವೃತ್ತರಾದರೆ ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಮೇಲೇರಬೇಕು, ಕ್ರಮಸಂಖ್ಯೆಗಳನ್ನೆಲ್ಲ ತಿದ್ದಬೇಕು. ಹನ್ನೊಂದನೆಯ ತರಗತಿಯ ಮಗಳು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯತೊಡಗಿದಾಗ, ಹಳೆಯ ಬಿ.ಎಸ್‌ಸಿ.ಯ ಧೈರ್ಯದ ಮೇಲೆ ನಾವೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆವು. ಅಲ್ಲಿಯೂ ಅದೇ ಪ್ರಶ್ನೆ ಎದುರಾಯಿತು: ಪಟ್ಟಿಯಿಂದ ಮೊದಲನೆಯದನ್ನು ಬೇರ್ಪಡಿಸುವುದು ಹೇಗೆ?

ದಾರಿಗಳು ಮೂರು. ಪೈಥಾನಿನಲ್ಲಿ ಸ್ಥಾನಗಳ ಎಣಿಕೆ ಸೊನ್ನೆಯಿಂದ ಶುರು. 'ಪಾಪ್' ಎಂಬ ಆಜ್ಞೆಗೆ ಆ ಸೊನ್ನೆಯನ್ನು ಕೊಟ್ಟರೆ ಮೊದಲನೆಯದು ಕೈಗೆ ಬರುತ್ತದೆ, ಪಟ್ಟಿಯಿಂದ ಹೊರಟೇ ಹೋಗುತ್ತದೆ. ಉಳಿದವೆಲ್ಲ ನಮ್ಮ ಸೀನಿಯಾರಿಟಿ ಪಟ್ಟಿಯಂತೆಯೇ ಒಂದೊಂದು ಸ್ಥಾನ ಮುಂದೆ ಸರಿಯಬೇಕು. ಹತ್ತು ಹೆಸರಿದ್ದರೆ ಚಿಂತೆಯಿಲ್ಲ. ಲಕ್ಷವಿದ್ದು, ಮತ್ತೆ ಮತ್ತೆ ತೆಗೆಯುವುದಿದ್ದರೆ ಕೆಲಸ ನಿಧಾನ. ಅದಕ್ಕೆಂದೇ ಎರಡು ತುದಿಗಳಿಂದಲೂ ಬೇಗ ತೆಗೆಯಬಲ್ಲ 'ಡೆಕ್' ಎಂಬ ಬೇರೆ ಏರ್ಪಾಡಿದೆ.

ಎರಡನೆಯ ದಾರಿ, ಸೊನ್ನೆಯ ಸ್ಥಾನದಲ್ಲಿರುವುದನ್ನು ಓದಿಕೊಂಡು, ಒಂದರಿಂದ ಕೊನೆಯವರೆಗಿನ ಭಾಗವನ್ನು ನಕಲು ಮಾಡಿಕೊಳ್ಳುವುದು. ಮೂಲ ಪಟ್ಟಿ ಆಫೀಸು ಪ್ರತಿಯ ಹಾಗೆ ಭದ್ರವಾಗಿರುತ್ತದೆ.

ಮೂರನೆಯದು 2008ರಲ್ಲಿ ಬಂದ ಪೈಥಾನ್ 3ರ ಕೊಡುಗೆ. ಇಲ್ಲಿಯೂ ಮೂಲಕ್ಕೆ ಧಕ್ಕೆಯಿಲ್ಲ. ಒಂದೇ ಸಾಲು ಸಾಕು:

ಮೊದಲನೆಯದು, *ಉಳಿದವು = ಪಟ್ಟಿ

ನಕ್ಷತ್ರ ಹೊತ್ತ ಹೆಸರು ಮಿಕ್ಕದ್ದನ್ನೆಲ್ಲ ಬಾಚಿಕೊಳ್ಳುತ್ತದೆ. ಪಟ್ಟಿಯಲ್ಲಿ ಒಂದೇ ಇದ್ದರೆ 'ಉಳಿದವು' ಖಾಲಿ ಪಟ್ಟಿಯಾಗುತ್ತದೆ, ತಕರಾರಿಲ್ಲ. ಪಟ್ಟಿಯೇ ಖಾಲಿಯಾಗಿದ್ದರೆ ಮಾತ್ರ ಯಂತ್ರ ದೋಷ ತೋರಿಸಿ ನಿಂತುಬಿಡುತ್ತದೆ. ಆದ್ದರಿಂದ ಮೊದಲೇ ನೋಡಿಕೊಳ್ಳುವುದು ಕ್ಷೇಮ.

ಕನ್ನಡದಲ್ಲಿ ಬರೆದರೆ ಯಂತ್ರಕ್ಕೆ ತಿಳಿದೀತೇ ಎಂದು ವಾಚಕರು ಹುಬ್ಬೇರಿಸಬಹುದು. ತಿಳಿಯುತ್ತದೆ. ಪೈಥಾನಿನ ಆಜ್ಞೆಗಳು ಇಂಗ್ಲಿಷಿನವೇ ಆದರೂ, 3ನೆಯ ಆವೃತ್ತಿಯಿಂದೀಚೆಗೆ ನಾವಾಗಿ ಇಡುವ ಹೆಸರುಗಳು ಕನ್ನಡ ಲಿಪಿಯಲ್ಲಿರಬಹುದು.

ನಮ್ಮಂಥ ಪರಸ್ಥಳದ ಸಂಸಾರಗಳಿಗೆ ಇದು ಸಣ್ಣ ಮಾತಲ್ಲ. ದೆಹಲಿಯಲ್ಲೇ ಹುಟ್ಟಿದ ಮಗಳಿಗೆ ಮನೆಮಾತು ಬಾಯಲ್ಲಿದೆ, ಕಣ್ಣಿಗೆ ಹತ್ತಿಲ್ಲ. ಊರಿನಿಂದ ಅಜ್ಜಿ ಬರೆದದ್ದನ್ನು ನಾವೇ ಓದಿ ಹೇಳಬೇಕು. ಕನ್ನಡ ಅಕ್ಷರ ಕಲಿ ಎಂದಾಗಲೆಲ್ಲ ಪರೀಕ್ಷೆಯ ನೆಪ ಹೇಳುತ್ತಿದ್ದವಳು, 'ಪಟ್ಟಿ'ಯ ಒತ್ತಕ್ಷರ ಮೂಡಿಸುವುದು ಹೇಗೆಂದು ತಾನಾಗಿ ಕೇಳಿದಳು. ಮರುದಿನ ವರ್ಣಮಾಲೆಯ 49 ಅಕ್ಷರಗಳನ್ನೂ ನಮ್ಮಿಂದ ಹೇಳಿಸಿಕೊಂಡು ಒಂದು ಪಟ್ಟಿ ಮಾಡಿ, ಅದೇ ಸಾಲನ್ನು ಓಡಿಸಿದಳು. ತೆರೆಯ ಮೇಲೆ 'ಅ' ಬೇರೆಯಾಗಿ ನಿಂತಿತು.

"ಅಪ್ಪಾ, ಇದು ನನಗೆ ಓದೋಕೆ ಬರುತ್ತೆ," ಎಂದಳು.

ಉಳಿದವು 48.