ವಿದ್ಯಾರ್ಥಿಯ ಯೋಗಕ್ಷೇಮ

ಮಕ್ಕಳು ಪರಸ್ಥಳದ ಕಾಲೇಜಿಗೆ ಹೊರಡುವ ದಿನಗಳು ಬಂದವೆಂದರೆ ನಮ್ಮ ಮನೆಗಳಲ್ಲಿ ಸಡಗರವೂ ಕಳವಳವೂ ಒಟ್ಟಿಗೆ ಕಾಣಿಸಿಕೊಳ್ಳುವುವು. ಚಟ್ನಿಪುಡಿಯ ಡಬ್ಬಿ, ಹೊಸ ಹೊದಿಕೆ, ಫೀಸಿನ ರಸೀತಿ ಇವುಗಳನ್ನು ಎರಡೆರಡು ಬಾರಿ ನೋಡಿ ಇಡುತ್ತೇವೆ. ಓದಿನ ವಿಷಯವಾಗಿಯೂ ಹಣದ ವಿಷಯವಾಗಿಯೂ ಬೇಕಾದಷ್ಟು ಬುದ್ಧಿವಾದವನ್ನು ಹೇಳುತ್ತೇವೆ. ಬಸ್ಸು ಹೊರಡುವಾಗ ಮಾತ್ರ ಕಿಟಕಿಯ ಬಳಿ ನಿಂತು, “ಮೈ ಕಡೆ ನೋಡಿಕೊ” ಎನ್ನುತ್ತೇವೆ. ಆರೋಗ್ಯವನ್ನು ಕುರಿತ ನಮ್ಮ ಉಪದೇಶವೆಲ್ಲ ಆ ಒಂದು ವಾಕ್ಯದಲ್ಲಿಯೇ ಮುಗಿದುಹೋಗುವುದು. ಆದರೆ ಅಲ್ಲಿಯವರೆಗೆ ಆ ಮೈಯನ್ನು ನೋಡಿಕೊಳ್ಳುತ್ತಿದ್ದ ಕಣ್ಣು ಮನೆಯವರದಾಗಿತ್ತು. ಊಟ ಬಿಟ್ಟರೆ ತಾಯಿ ಕಾರಣ ಕೇಳುತ್ತಿದ್ದಳು. ಮುಖ ಬಾಡಿದರೆ ಅಜ್ಜಿ ಹಣೆ ಮುಟ್ಟಿ ನೋಡುತ್ತಿದ್ದಳು. ಪರಸ್ಥಳದಲ್ಲಿ ಆ ಕಣ್ಣು ಯಾರದು? ಈ ಪ್ರಶ್ನೆಯನ್ನು ವಾಚಕರ ಮುಂದೆ ಇಡಬೇಕೆಂಬುದೇ ನನ್ನ ಉದ್ದೇಶ.

ನನ್ನ ತಂದೆಯವರು 1930ರ ದಶಕದಲ್ಲಿ ಮೈಸೂರಿನಲ್ಲಿ ವಾರಾನ್ನದಿಂದ ಓದಿದವರು. ಸೋಮವಾರ ವಕೀಲರೊಬ್ಬರ ಮನೆ, ಮಂಗಳವಾರ ಮೇಷ್ಟರೊಬ್ಬರ ಮನೆ, ಹೀಗೆ ಏಳು ದಿನಗಳಿಗೆ ಏಳು ಮನೆಗಳು. ಆ ಪದ್ಧತಿಯನ್ನು ನಾನು ಹೊಗಳಲಾರೆ. ಪಂಕ್ತಿಯ ಕೊನೆಯಲ್ಲಿ ಕುಳಿತು ಉಣ್ಣುವ ಸಂಕೋಚವನ್ನು ಅವರು ಮುಪ್ಪಿನಲ್ಲಿಯೂ ಮರೆತಿರಲಿಲ್ಲ. ಅದೂ ಜಾತಿ ನೋಡಿ ತೆರೆಯುತ್ತಿದ್ದ ಬಾಗಿಲು; ಅನೇಕರಿಗೆ ಆ ಅನ್ನವೂ ಇರಲಿಲ್ಲ. ಸಾರ್ವಜನಿಕ ವಿದ್ಯಾರ್ಥಿನಿಲಯಗಳು ಈ ಹಂಗನ್ನು ತಪ್ಪಿಸಿದುದು ಮಹೋಪಕಾರವೇ ಸರಿ. ಆದರೂ ತಂದೆಯವರು ಹೇಳುತ್ತಿದ್ದ ಒಂದು ಸಂಗತಿಯುಂಟು. ಬುಧವಾರದ ಹುಡುಗ ಊಟಕ್ಕೆ ಬಾರದಿದ್ದರೆ ಆ ಮನೆಯಿಂದ ಯಾರಾದರೊಬ್ಬರು ಅವನ ಕೋಣೆಗೆ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದರಂತೆ. ಇಂದಿನ ಮೆಸ್ಸಿನಲ್ಲಿ ಮುನ್ನೂರು ತಟ್ಟೆಗಳ ನಡುವೆ ಒಂದು ಕಡಮೆಯಾದರೆ ಅದು ಯಾರ ಗಮನಕ್ಕೂ ಬಾರದು.

ಈ ಕೊರತೆಯನ್ನು ತುಂಬಬಲ್ಲವರು ಕೋಣೆಯ ಜೊತೆಗಾರರೇ ಎಂಬುದು ನನಗೆ ಕೆಲವು ವರ್ಷಗಳ ಹಿಂದೆ ಮನದಟ್ಟಾಯಿತು. ಮಳೆಗಾಲದ ದಿನಗಳು. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬನಿಗೆ ಜ್ವರ ಬಂದಿತು. ಪರೀಕ್ಷೆ ಸಮೀಪಿಸಿತ್ತು, ಊರಿಗೆ ತಿಳಿಸಿದರೆ ತಾಯಿ ಗಾಬರಿಯಾದಾಳೆಂದು ಅವನು ಸುದ್ದಿಯನ್ನು ಮುಚ್ಚಿಟ್ಟನು. ಐದನೆಯ ದಿನ ಮೈ ತಣ್ಣಗಾಯಿತು, ಗುಣವಾಯಿತೆಂದುಕೊಂಡನು. ಜೊತೆಗಾರನಿಗೆ ಮಾತ್ರ ಸಮಾಧಾನವಾಗಲಿಲ್ಲ. ಗೆಳೆಯನು ಮತ್ತೆ ಮತ್ತೆ ವಾಂತಿ ಮಾಡಿ, ಹೊಟ್ಟೆ ಹಿಡಿದುಕೊಂಡು ಮಲಗಿದುದನ್ನು ನೋಡಿ, ರಾತ್ರಿ ಹನ್ನೊಂದು ಗಂಟೆಗೆ ಕೆಳಗಿಳಿದು ಬಂದು, “ಸರ್, ಜ್ವರ ಹೋಗಿದೆ; ಆದರೆ ಇವನು ಇವನ ಹಾಗಿಲ್ಲ” ಎಂದನು. ಕೂಡಲೆ ಆಸ್ಪತ್ರೆಗೆ ಒಯ್ದೆವು. ಡೆಂಗಿ ಎಂದು ತಿಳಿಯಿತು. ಬೆಳಗಿನವರೆಗೆ ಕಾದಿದ್ದರೆ ಕಷ್ಟವಾಗುತ್ತಿತ್ತೆಂದು ವೈದ್ಯರು ಹೇಳಿದರು. ಹುಡುಗನು ಉಳಿದುಕೊಂಡನು.

ಜ್ವರ ಬಿಟ್ಟಿತೆಂದು ಎಲ್ಲರೂ ನೆಮ್ಮದಿಗೊಳ್ಳುವ ಹೊತ್ತೇ ಡೆಂಗಿಯಲ್ಲಿ ಅಪಾಯದ ಹೊತ್ತು. ಸಾಮಾನ್ಯವಾಗಿ 3ರಿಂದ 7ನೆಯ ದಿನದೊಳಗೆ ಕಾವು ಇಳಿಯುವಾಗ ಕೆಲವರಲ್ಲಿ ರಕ್ತನಾಳಗಳಿಂದ ದ್ರವಾಂಶವು ಸೋರಿ ರಕ್ತದ ಒತ್ತಡ ಕುಸಿಯುವುದು. ತೀವ್ರವಾದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಅತಿಯಾದ ಸುಸ್ತು ಇಲ್ಲವೆ ಚಡಪಡಿಕೆ, ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡಕೂಡದು. ಮೈಕೈ ನೋವಿಗೆಂದು ಆಸ್ಪಿರಿನ್ನನ್ನಾಗಲಿ ಐಬುಪ್ರೊಫೆನ್ನನ್ನಾಗಲಿ ನುಂಗಿದರೆ ರಕ್ತಸ್ರಾವ ಹೆಚ್ಚುವ ಭಯವುಂಟು; ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಈ ರೋಗವನ್ನು ಹರಡುವ ಈಡಿಸ್ ಸೊಳ್ಳೆಯು ಹಗಲಿನಲ್ಲಿಯೇ ಕಚ್ಚುವುದು. ಬಕೀಟು, ಕೂಲರುಗಳಲ್ಲಿ ನಿಂತ ತಿಳಿನೀರಿನಲ್ಲಿಯೇ ಹುಟ್ಟುವುದು. ವಾರಕ್ಕೊಮ್ಮೆ ಅವನ್ನು ಬರಿದುಮಾಡಿ ಉಜ್ಜಿ ತೊಳೆದರೆ ಅದರ ಸಂತಾನವು ಅಷ್ಟಕ್ಕೆ ನಿಲ್ಲುವುದು.

ಜ್ವರಕ್ಕೆ ಹೇಳಿದ ಮಾತು ಇತರ ಅಪಾಯಗಳಿಗೂ ಸಲ್ಲುವುದು. ಗಾಳಿಯಾಡದ ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರು ಉರಿಯುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಳಗಿರುವವನಿಗೆ ತಲೆ ಸುತ್ತುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿ ಉಡುಗಿರುತ್ತದೆ. ಗೀಸರು ಹೊರಗಿರಬೇಕು, ಕಿಟಕಿ ತೆರೆದಿರಬೇಕು. ಸ್ನಾನಕ್ಕೆ ಹೋದವನು ಬಹಳ ಹೊತ್ತು ಬಾರದಿದ್ದರೆ ಬಾಗಿಲು ತಟ್ಟುವವನೊಬ್ಬನಿರಬೇಕು. ಮುತ್ತತ್ತಿಯಂತಹ ತಾಣಗಳಲ್ಲಿ ಕಾವೇರಿಯು ಮೇಲೆ ಶಾಂತವಾಗಿ ತೋರಿದರೂ ಬಂಡೆಗಳ ನಡುವೆ ಮಡುವೂ ಸುಳಿಯೂ ಇರುವುವು. ಮುಳುಗುವವನನ್ನು ಕಂಡು ಈಜು ಬಾರದವನು ಹಾರಿದರೆ ಎರಡು ಮನೆಗಳಲ್ಲಿ ದುಃಖ. ಸೀರೆಯನ್ನೋ ಹಗ್ಗವನ್ನೋ ಕೋಲನ್ನೋ ದಡದಿಂದಲೇ ಚಾಚಬೇಕು. ಮೋಟಾರು ಸೈಕಲ್ಲಿನಲ್ಲಿ ಹಿಂದೆ ಕುಳಿತವನಿಗೂ ಹೆಲ್ಮೆಟ್ಟು ಬೇಕೆಂಬುದು ಕಾನೂನು. ಅದನ್ನು ಗೆಳೆಯನ ತಲೆಗೆ ತೊಡಿಸದೆ ಗಾಡಿ ಹೊರಡಿಸೆನೆಂಬ ಹಟ ಮುಂದೆ ಕುಳಿತವನಿಗೆ ಇರಬೇಕು.

ಇನ್ನು ಮನಸ್ಸಿನ ಮಾತು. ಹರಟುತ್ತಿದ್ದವನು ಮೌನಿಯಾಗುವುದು, ನಿದ್ರೆ ಕೆಡುವುದು, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು, “ನಾನಿಲ್ಲದಿದ್ದರೆ ಚೆನ್ನ” ಎನ್ನುವುದು, ಇವನ್ನು ನೂರು ಮೈಲಿ ದೂರದ ತಂದೆ ಕಾಣಲಾರನು. ಪಕ್ಕದ ಹಾಸಿಗೆಯವನು ಕಾಣಬಲ್ಲನು. “ಏನಾಗಿದೆ?” ಎಂದು ನೇರವಾಗಿ ಕೇಳುವುದರಿಂದ ಕೇಡಿಲ್ಲ. ಕೇಳಿ, ಅವನನ್ನು ಒಬ್ಬನೇ ಬಿಡದೆ, ಹಿರಿಯರಿಗೆ ತಿಳಿಸಬೇಕು. ಗುಟ್ಟು ಕಾಯುವೆನೆಂಬ ಭಾಷೆ ಇಂಥಲ್ಲಿ ಸಲ್ಲದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ದೂರವಾಣಿ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುವುದು. ಮೈಯ ಆಪತ್ತಿಗೆ 108, ಇತರ ಆಪತ್ತುಗಳಿಗೆ 112 ಇವೆ.

ಆದುದರಿಂದ ಮಕ್ಕಳನ್ನು ಬಿಟ್ಟುಬರುವ ದಿನ ಗೃಹಸ್ಥರು ಇನ್ನೊಂದು ಗಂಟೆ ಅಲ್ಲಿಯೇ ನಿಲ್ಲುವುದು ಮೇಲು. ಜೊತೆಗಾರರ ಹೆಸರು ಕೇಳಿ, ತಂದ ತಿಂಡಿಯನ್ನು ಅವರಿಗೂ ಹಂಚಿ, ದೂರವಾಣಿಯ ಸಂಖ್ಯೆಗಳನ್ನು ಪರಸ್ಪರ ಬರೆದುಕೊಳ್ಳಬೇಕು. ರಕ್ತದ ಗುಂಪು, ಒಗ್ಗದ ಔಷಧಿ, ಹಳೆಯ ಕಾಯಿಲೆ ಇವನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಬೇಕು. ನಮ್ಮ ಮಗುವಿಗೆ, “ನಿನ್ನ ಮೈ ನೋಡಿಕೊ” ಎಂಬುದರ ಜೊತೆಗೆ, “ಪಕ್ಕದವನು ಉಂಡನೇ ಎಂದು ಕೇಳು” ಎಂದೂ ಹೇಳಬೇಕು. ಪಕ್ಕದವನ ತಾಯಿಯೂ ತನ್ನ ಮಗನಿಗೆ ಅದನ್ನೇ ಹೇಳಿದ್ದರೆ ನಮ್ಮ ಮಗುವಿಗೂ ಕೇಳುವವರೊಬ್ಬರಾದರು.