ಪುಟ್ಟ ಎಂಜಿನ್ನಿನ ಮೇಲೆ ದೂರ ಪ್ರಯಾಣ

ದೂರ ಪ್ರಯಾಣಕ್ಕೆ ದೊಡ್ಡ ವಾಹನವೇ ಆಗಬೇಕೆಂಬುದು ಈಗಿನ ಕಾಲದ ಸಾಮಾನ್ಯ ನಂಬಿಕೆ. ನೂರು ಸಿ.ಸಿ.ಯ ಮೋಟಾರು ಸೈಕಲ್ಲು ಪೇಟೆಯಿಂದ ತರಕಾರಿ ತರುವುದಕ್ಕೆ, ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ, ಡೈರಿಗೆ ಹಾಲಿನ ಕ್ಯಾನು ಸಾಗಿಸುವುದಕ್ಕೆ ಮಾತ್ರ ಸಾಕೆಂದು ಬಹುಜನರು ಎಣಿಸಿರುವರು. ಬೆಂಗಳೂರಿನಿಂದ ಮೈಸೂರು, ಮಡಿಕೇರಿಗಳ ಮೇಲೆ ಮಂಗಳೂರಿಗೆ ಅಂಥ ವಾಹನದಲ್ಲಿಯೇ ಹೋಗುವೆವೆಂದು ನಾವು ಹೇಳಿದಾಗ ನೆಂಟರು ನಕ್ಕರು. ಮನೆಯ ಹಿರಿಯರು ಗದರಿದರು. “ಬಸ್ಸಿಲ್ಲವೆ? ರೈಲಿಲ್ಲವೆ?” ಎಂಬ ಅವರ ಪ್ರಶ್ನೆಯಲ್ಲಿ ಅಕ್ಕರೆಯೂ ಇತ್ತು, ಅಂಜಿಕೆಯೂ ಇತ್ತು. ಆ ಅಂಜಿಕೆಯನ್ನು ಹಗುರವಾಗಿ ತಳ್ಳಿಹಾಕದೆ, ಅದಕ್ಕೆ ತಕ್ಕ ಉತ್ತರವನ್ನು ಸಿದ್ಧಪಡಿಸಿಕೊಂಡೇ ನಾವು ದಂಪತಿಗಳು ಡಿಸೆಂಬರಿನ ಒಂದು ಮುಂಜಾನೆ ಹೊರಟೆವು.

ಮೊದಲು ವಾಹನದ ಯೋಗ್ಯತೆಯನ್ನು ಅರಿಯಬೇಕು. ನಾಲ್ಕು ಸ್ಟ್ರೋಕಿನ ನೂರು ಸಿ.ಸಿ. ಗಾಡಿಗಳು 1985ರಲ್ಲಿ ಹೀರೋ ಹೊಂಡಾ ಸಿ.ಡಿ. 100 ಬಂದಂದಿನಿಂದ ನಮ್ಮ ನಾಡಿನ ಮಧ್ಯಮ ವರ್ಗದ ಮನೆಗಳನ್ನು ಸೇರಿದುವು. ನಮ್ಮದೂ ಆ ಕುಲದ್ದೇ. ಎಂಜಿನ್ನಿನ ಗಾತ್ರ 97.2 ಸಿ.ಸಿ.; ಬಲ ಸುಮಾರು ಎಂಟು ಅಶ್ವಶಕ್ತಿ; ತೂಕ ಸುಮಾರು 112 ಕಿಲೋ. ನಾವಿಬ್ಬರೂ ನಮ್ಮ ಚೀಲವೂ ಸೇರಿದರೆ ಗಾಡಿಗಿಂತ ಹೆಚ್ಚು ಭಾರ! ತನಗಿಂತ ಹೆಚ್ಚಿನ ಹೊರೆಯನ್ನು ಹೊತ್ತು ಬೆಟ್ಟವನ್ನೇರಬೇಕಾದ ಜೀವಕ್ಕೆ ಒಡೆಯನಾದವನು ಎಷ್ಟು ಕನಿಕರವನ್ನು ತೋರಬೇಕೋ ಅಷ್ಟನ್ನೂ ನಾವು ಈ ಯಂತ್ರಕ್ಕೆ ತೋರಿದೆವು. ಎಣ್ಣೆಯನ್ನು ಬದಲಿಸಿ, ಚೈನನ್ನು ಬಿಗಿಮಾಡಿಸಿ, ಬ್ರೇಕನ್ನು ಪರೀಕ್ಷಿಸಿ, ಇಬ್ಬರ ಭಾರಕ್ಕೆ ತಕ್ಕಂತೆ ಹಿಂದಿನ ಚಕ್ರಕ್ಕೆ ಗಾಳಿ ತುಂಬಿಸಿದೆವು. ಸಾಮಾನೆಂದರೆ ಒಂದೇ ಚೀಲ. ಶಿರಸ್ತ್ರಾಣವು ಇಬ್ಬರ ತಲೆಯ ಮೇಲೂ ಇತ್ತು. ಹಿಂದೆ ಕುಳಿತವರಿಗೂ ಅದು ಕಡ್ಡಾಯವೆಂಬ ನಿಯಮವು ಕರ್ಣಾಟಕದಲ್ಲಿ 2016ರಿಂದ ಜಾರಿಯಲ್ಲಿದೆ. ಗಂಟೆಗೆ 50 ಕಿಲೋಮೀಟರನ್ನು ಮೀರಕೂಡದು, ಗಂಟೆಗೊಮ್ಮೆ ಇಳಿದು ವಿಶ್ರಮಿಸಬೇಕು, ಕತ್ತಲಾದ ಮೇಲೆ ದಾರಿ ಸಾಗಕೂಡದು: ಇವು ಮೂರು ನಮ್ಮ ವ್ರತಗಳು.

ಬೆಂಗಳೂರು–ಮೈಸೂರು ಹೆದ್ದಾರಿಯ ನಡುದಾರಿಯಲ್ಲಿ ದ್ವಿಚಕ್ರ ವಾಹನಗಳಿಗೆ 2023ರ ಆಗಸ್ಟ್ 1ರಿಂದ ಪ್ರವೇಶವಿಲ್ಲ. ನೂರರ ವೇಗದಲ್ಲಿ ಬರುವ ಕಾರುಗಳ ನಡುವೆ ಐವತ್ತರ ವೇಗದ ಗಾಡಿಯು ಅಪಾಯಕ್ಕೆ ಎಡೆಯಾಗುವುದರಿಂದ ಈ ನಿಷೇಧವನ್ನು ನಾವು ಅನ್ಯಾಯವೆನ್ನಲಾರೆವು. ಆದರೆ ನಮ್ಮ ಪಾಲಿಗೆ ಉಳಿದ ಸರ್ವೀಸ್ ರಸ್ತೆಯು ಕೆಲವೆಡೆ ಬಲು ಕಿರಿದು. ಕೆಲವೆಡೆ ಎದುರಿನಿಂದ ಬರುವ ಗಾಡಿಗಳ ಕಾಟ. ಅದನ್ನು ಬಿಟ್ಟು ಹಳೆಯ ರಸ್ತೆಯನ್ನು ಹಿಡಿದೊಡನೆ ಊರುಗಳು ಒಂದೊಂದಾಗಿ ನಮ್ಮನ್ನು ಬರಮಾಡಿಕೊಂಡುವು. ರಾಮನಗರದಲ್ಲಿ ರೇಷ್ಮೆಗೂಡಿನ ಚೀಲಗಳನ್ನು ಹೊತ್ತ ಗಾಡಿಗಳು. ಚನ್ನಪಟ್ಟಣದಲ್ಲಿ ಅರಗಿನ ಬಣ್ಣದಿಂದ ಹೊಳೆಯುವ ಮರದ ಆಟಿಕೆಗಳು. ಮದ್ದೂರಿನಲ್ಲಿ ರವೆ, ಈರುಳ್ಳಿಗಳ ವಡೆ. ಮಂಡ್ಯದ ಬಳಿ ಕಬ್ಬಿನ ಹೊರೆ. ಮೇಲಿನ ದಾರಿಯಲ್ಲಿ ಹಾರಿಹೋಗುವವರಿಗೆ ಇವೆಲ್ಲ ಬರಿಯ ಹಲಗೆಯ ಮೇಲಣ ಹೆಸರುಗಳು. ನಮಗಾದರೋ ಮಾತನಾಡಿಸಿದ ಮನುಷ್ಯರು.

ಮೈಸೂರನ್ನು ಮುಟ್ಟಿದಾಗ ಹತ್ತೂವರೆ ಗಂಟೆ. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳನ್ನು ಕಟ್ಟಿದ ಊರಿದು. ಊಟ ಮುಗಿಸಿ ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿದೆವು. ಬೆಳಿಗ್ಗೆ ಶ್ರೀರಂಗಪಟ್ಟಣದಲ್ಲಿ ಕಂಡಿದ್ದ ಕಾವೇರಿಯೇ ಕುಶಾಲನಗರದಲ್ಲಿ ಕಿರಿಯಳಾಗಿ ಎದುರಾದಳು. ಅಲ್ಲಿಂದ ಏರು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ ಎಂಜಿನ್ನಿನ ಬಲವೂ ಕುಗ್ಗುವುದು; ಸಮುದ್ರಮಟ್ಟದಿಂದ ಸಾವಿರ ಮೀಟರು ಏರಿದರೆ ಸುಮಾರು ಹತ್ತರಲ್ಲೊಂದು ಪಾಲು ನಷ್ಟ. ಗಾಡಿ ನಾಲ್ಕನೆಯ ಗೇರಿನಲ್ಲಿ ನರಳತೊಡಗಿತು. ಮೂರಕ್ಕಿಳಿಸಿದೆವು, ಕಡಿದಾದೆಡೆ ಎರಡಕ್ಕೆ. ಬೈದರೆ ಅದು ಓಡದು, ಹಿಂಡಿದರೆ ಕಾಯುವುದು. ಅದರ ಶ್ರುತಿಯನ್ನು ಕಿವಿಗೊಟ್ಟು ಕೇಳಿ ಅದರಂತೆ ನಡೆದರೆ ಮಾತ್ರ ಬೆಟ್ಟವು ದಾರಿ ಕೊಡುವುದು.

ಮಡಿಕೇರಿಯನ್ನು ಸೇರುವಾಗ ಐದೂವರೆ. ಮಂಜು ಇಳಿಯತೊಡಗಿತ್ತು. ಘಟ್ಟವನ್ನಿಳಿದು ಒಂದು ಗಂಟೆ ಸಾಗಿದರೆ ಸುಳ್ಯದಲ್ಲಿ ಬಂಧುಗಳ ಮನೆ, ಬಿಸಿಯೂಟ ಕಾದಿತ್ತು. “ಇಷ್ಟು ಬಂದವರಿಗೆ ಅಷ್ಟು ಹೆಚ್ಚೇ?” ಎಂದು ದೂರವಾಣಿಯಲ್ಲಿ ಒತ್ತಾಯವೂ ಬಂತು. ನಾವು ಪರಸ್ಪರ ಮುಖ ನೋಡಿಕೊಂಡೆವು. ಪುಟ್ಟ ಗಾಡಿಯ ದೀಪವು ಮಂಜನ್ನು ಭೇದಿಸಲಾರದು. ತಿರುವಿನಲ್ಲಿ ಬರುವ ಲಾರಿಯವನಿಗೆ ನಾವು ಕಾಣಿಸೆವು. ಮನೆಯಲ್ಲಿ ಹಿರಿಯರಿಗೆ ಕೊಟ್ಟ ಮಾತೂ ಇತ್ತು. ಆ ರಾತ್ರಿ ಮಡಿಕೇರಿಯಲ್ಲಿಯೇ ತಂಗಿದೆವು. ಬಂಧುಗಳಿಗೆ ತುಸು ಬೇಸರವಾಯಿತು. ಬೆಂಗಳೂರಿನಲ್ಲಿ ಹಿರಿಯರಿಗೆ ನಿದ್ರೆ ಬಂತು.

ಬೆಳಿಗ್ಗೆ ಬಿಸಿಲೇರಿದ ಮೇಲೆ ಸಂಪಾಜೆಯ ಘಟ್ಟವನ್ನಿಳಿದೆವು. 2018ರ ಆಗಸ್ಟಿನಲ್ಲಿ ಜೋಡುಪಾಲದ ಸುತ್ತಿನಲ್ಲಿ ಗುಡ್ಡಗಳು ಜರಿದು, ಮನೆಗಳೂ ಪ್ರಾಣಗಳೂ ಹೋಗಿ, ಈ ದಾರಿಯೇ ಕಡಿದಿತ್ತು. ಅದನ್ನು ನೆನೆದವರಿಗೆ ಇಲ್ಲಿ ಅವಸರವು ಹುಟ್ಟಲಾರದು. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬುದು ಘಟ್ಟದ ಚಾಲಕರ ಹಳೆಯ ಸೂತ್ರ. ಬ್ರೇಕನ್ನೇ ಒತ್ತುತ್ತ ಬಂದರೆ ಅದು ಕಾದು ಹಿಡಿತವನ್ನು ಕಳೆದುಕೊಳ್ಳುವುದು. ಎರಡನೆಯ ಗೇರಿನಲ್ಲಿಟ್ಟರೆ ಎಂಜಿನ್ನೇ ಗಾಡಿಯನ್ನು ತಡೆಯುವುದು. ಸಂಪಾಜೆಯನ್ನು ದಾಟಿ, ಸುಳ್ಯದಲ್ಲಿ ಬಂಧುಗಳ ಬೇಸರವನ್ನು ಉಪಾಹಾರದೊಡನೆ ತೀರಿಸಿ, ಪುತ್ತೂರು, ಬಂಟ್ವಾಳಗಳ ಮೇಲೆ ಮಧ್ಯಾಹ್ನದ ವೇಳೆಗೆ ಮಂಗಳೂರನ್ನು ಸೇರಿದೆವು. ಸುಮಾರು 400 ಕಿಲೋಮೀಟರಿನ ದಾರಿಗೆ ಏಳು ಲೀಟರು ಪೆಟ್ರೋಲು ಸಾಕಾಯಿತು. ಮರಳಿ ಬಂದುದೂ ಇದೇ ಕ್ರಮದಿಂದಲೇ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವು ಹಣದ ವಿಚಾರಕ್ಕೆ ಮಾತ್ರ ಹೇಳುವುದುಂಟು. ಬಲದ ವಿಚಾರಕ್ಕೂ ಅದು ಸಲ್ಲುವುದು. ದೊಡ್ಡ ಎಂಜಿನ್ನು ತನ್ನ ಮಿತಿಯನ್ನು ಬಹು ದೂರದಲ್ಲಿ ಬಚ್ಚಿಟ್ಟುಕೊಂಡಿರುವುದು. ಚಿಕ್ಕದು ಪ್ರತಿಯೊಂದು ಏರಿನಲ್ಲಿಯೂ ಅದನ್ನು ನಮ್ಮ ಮುಂದಿಡುವುದು. ಮಿತಿಯನ್ನು ಬಲ್ಲವನಿಗೆ ದೂರವು ಹೆದರಿಕೆಯಲ್ಲ. ಇಂತಹ ಗಾಡಿಗಳೇ ನಮ್ಮ ಅಸಂಖ್ಯ ಮನೆಗಳ ಆಧಾರವಾಗಿರುವಾಗ, ವೇಗವುಳ್ಳವರಿಗೆ ಹೆದ್ದಾರಿಯನ್ನು ಕಟ್ಟುವವರು ನಿಧಾನಿಗಳಿಗೂ ಅಗಲವಾದ, ಎಲ್ಲಿಯೂ ತುಂಡಾಗದ ಹಾದಿಯನ್ನು ಕೊಡುವುದು ಧರ್ಮ. ನಿಧಾನವಾಗಿ ಹೋಗುವವನ ಮನೆಯಲ್ಲಿಯೂ ದೀಪ ಹಚ್ಚಿ ಕಾಯುವವರಿರುವರು.