ಟ್ರಂಕಿನ ತಳದ ಫೋಟೊಗಳಿಗೆ ಒಂದು ಆಲ್ಬಂ

ನಮ್ಮ ಊರುಗಳಲ್ಲಿ ಹಳೆಯ ಫೋಟೊಗಳು ಇರುವ ಜಾಗ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ. ಟ್ರಂಕಿನ ತಳ, ಸೀರೆಗಳ ಕೆಳಗೆ, ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಜಮೀನಿನ ಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು, ಯಾರದೋ ಲಗ್ನಪತ್ರಿಕೆ, ಅವುಗಳ ನಡುವೆ ಏಳೆಂಟು ಫೋಟೊ. ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದರೆ ಅದು ಬಿಸಿಲುಗಾಲಕ್ಕೆ ಕರಗಿ ಕಾಗದಕ್ಕೇ ಅಂಟಿಕೊಂಡಿರುತ್ತದೆ.

ಈಗ ಫೋನಿನಲ್ಲಿ ಸಾವಿರಾರು ಫೋಟೊ ಇವೆ, ನಿಜ. ಆದರೆ ಫೋನು ಬಾವಿಗೆ ಬಿದ್ದರೆ, ಹಳೆಯದನ್ನು ಕೊಟ್ಟು ಹೊಸದು ತಂದರೆ, ಆ ಸಾವಿರವೂ ಹೋದವು. ಟ್ರಂಕಿನಲ್ಲಿರುವ ಏಳೆಂಟು ಮಾತ್ರ ಐವತ್ತು ವರ್ಷದಿಂದ ಹಾಗೇ ಇವೆ. ಅವನ್ನು ಇನ್ನೂ ಐವತ್ತು ವರ್ಷ ಉಳಿಸುವುದು ಹೇಗೆ ಎಂಬುದು ಈ ಬರಹದ ವಿಷಯ.

ಪಟ್ಟಣದಲ್ಲಿ ಇದಕ್ಕೆ ಸ್ಕ್ರಾಪ್‌ಬುಕ್ ಎನ್ನುತ್ತಾರೆ. ಫೋಟೊ, ಟಿಕೆಟ್, ಪತ್ರಿಕೆಯ ತುಣುಕು, ಒಣಗಿದ ಹೂವು ಎಲ್ಲವನ್ನೂ ಪುಸ್ತಕವೊಂದರಲ್ಲಿ ಅಂಟಿಸಿ, ಪಕ್ಕದಲ್ಲಿ ನಾಲ್ಕು ಮಾತು ಬರೆದಿಡುವುದು. ಅಮೆರಿಕದ ಲೇಖಕ ಮಾರ್ಕ್ ಟ್ವೇನ್‌ಗೆ ಇದರ ಹುಚ್ಚು ಎಷ್ಟಿತ್ತೆಂದರೆ, ನೀರು ತಾಗಿಸಿದರೆ ತಾನೇ ಅಂಟುವ ಹಾಳೆಗಳ ಸ್ಕ್ರಾಪ್‌ಬುಕ್ ಮಾಡಿ 1873ರಲ್ಲಿ ಪೇಟೆಂಟ್ ಪಡೆದ. ಇವತ್ತು ಅಂಗಡಿಗಳಲ್ಲಿ ಬಣ್ಣದ ಟೇಪು, ಸ್ಟಿಕ್ಕರು, ವಿನ್ಯಾಸ ಕತ್ತರಿಸುವ ಪಂಚು ಎಂದು ದೊಡ್ಡ ಡಬ್ಬಿಗಳನ್ನೇ ಮಾರುತ್ತಾರೆ.

ಆದರೆ ಕಾಗದ ಕಾಪಾಡುವ ಕೆಲಸ ನಮಗೆ ಹೊಸದಲ್ಲ. ಸರ್ಕಾರಿ ಕಚೇರಿಯಲ್ಲಿ ‘ಕಡತ ಮುಂದೆ ಹೋಗಿಲ್ಲ’ ಎನ್ನುತ್ತಾರಲ್ಲ, ಆ ಕಡತ ಮೊದಲು ಬಟ್ಟೆಯ ಪುಸ್ತಕವಾಗಿತ್ತು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲಿನ ಪುಡಿ ಕಲಸಿ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸಿ ಇಡುತ್ತಿದ್ದರು. ಬಳಪದಿಂದ ಅದರ ಮೇಲೆ ಲೆಕ್ಕಪತ್ರ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಕಂಬಳಿ ನೇಯುವವರು ಉಣ್ಣೆಯ ನೂಲಿಗೆ ಹಚ್ಚುವುದೂ ಇದೇ ಹುಣಸೆ ಬೀಜದ ಸರಿ. ಅಂಟು, ಮಡಿಕೆ, ಹೊಲಿಗೆ, ಈ ಮೂರೂ ನಮ್ಮ ಕೈಗೆ ಗೊತ್ತಿರುವ ಕೆಲಸವೇ.

ನಾವು ಕೆಲವರು ಪತ್ರಿಕೋದ್ಯಮ ಓದಿದವರು ಬಿಡುವಿದ್ದಾಗ ಮಲಪ್ರಭೆಯ ದಂಡೆಯ ಹಳ್ಳಿಗಳಲ್ಲಿ, ಯಾರಾದರೂ ಕರೆದ ಮನೆಯ ಪಡಸಾಲೆಯಲ್ಲಿ ಕೂತು ಆಲ್ಬಂ ಮಾಡುತ್ತೇವೆ. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಅಲ್ಲಿನ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು. ಪರಿಹಾರದ ಪಟ್ಟಿಯಲ್ಲಿ ಗೋಡೆ, ಬೆಳೆ, ದನಗಳ ಲೆಕ್ಕ ಬಂತು. ಫೋಟೊಗಳ ಲೆಕ್ಕ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಕೆಲಸ ಶುರು ಮಾಡುವ ಮೊದಲು ನಾವು ಒಂದು ನಿಯಮ ಹೇಳುತ್ತೇವೆ. ಇವತ್ತು ಏನೇ ಅಂಟಿಸಿದರೂ ನಾಳೆ ಅದನ್ನು ಹಾಳಾಗದಂತೆ ಬಿಡಿಸಲು ಬರಬೇಕು. ಈ ನಿಯಮ ಇಟ್ಟುಕೊಂಡರೆ ಏನು ಬೇಡ ಎಂಬುದು ತಾನಾಗಿ ಗೊತ್ತಾಗುತ್ತದೆ. ಸೆಲ್ಲೋಟೇಪ್ ಬೇಡ. ಕೆಲವು ವರ್ಷಕ್ಕೆ ಅದರ ಪ್ಲಾಸ್ಟಿಕ್ ಉದುರಿ ಹೋಗಿ, ಹಳದಿ ಅಂಟು ಕಾಗದದೊಳಗೆ ಇಳಿಯುತ್ತದೆ. ಫೆವಿಕಾಲ್ ಬೇಡ, ಒಣಗಿದ ಮೇಲೆ ಅದು ಸುಲಭಕ್ಕೆ ಬಿಡುವುದಿಲ್ಲ. ಪ್ಲಾಸ್ಟಿಕ್ ಹಾಳೆ ಎತ್ತಿ ಫೋಟೊ ಒತ್ತುವ ಅಂಟಿನ ಆಲ್ಬಂ ಬೇಡ. ಅದರಿಂದ ಫೋಟೊ ಎತ್ತಲು ಹೋದರೆ ಹಿಂಬದಿಯ ಕಾಗದವೇ ಕಿತ್ತು ಬರುತ್ತದೆ. ಮೂಲ ಪತ್ರಕ್ಕೆ ಲ್ಯಾಮಿನೇಶನ್ ಅಂತೂ ಬೇಡವೇ ಬೇಡ, ಒಮ್ಮೆ ಮಾಡಿಸಿದರೆ ಬಿಚ್ಚಲು ಆಗುವುದಿಲ್ಲ.

ಹಾಗಾದರೆ ಅಂಟಿಗೆ ಏನು? ಗೋಬಿ ಮಂಚೂರಿಗೆ ಹಾಕುವ ಕಾರ್ನ್‌ಫ್ಲೋರ್. ಒಂದು ಚಮಚ ಪುಡಿಯನ್ನು ಆರು ಚಮಚ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ. ಸಣ್ಣ ಉರಿಯಲ್ಲಿಟ್ಟು ಕೈ ಬಿಡದೆ ತಿರುವಿ. ಹಾಲಿನಂತಿದ್ದದ್ದು ಗಂಜಿಯಂತೆ ಪಾರದರ್ಶಕವಾಗಿ ಗಟ್ಟಿಯಾದಾಗ ಇಳಿಸಿ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ದೊಡ್ಡ ಗ್ರಂಥಾಲಯಗಳಲ್ಲಿ ಹಳೆಯ ಕಾಗದ ರಿಪೇರಿ ಮಾಡುವವರು ಗೋಧಿಯ ಪಿಷ್ಟದಿಂದ ಮಾಡಿಕೊಳ್ಳುವ ಅಂಟೂ ಇದೇ ಬಗೆಯದು. ಒದ್ದೆ ಬಟ್ಟೆ ಇಟ್ಟರೆ ಮತ್ತೆ ಬಿಡುತ್ತದೆ, ಅದೇ ಅದರ ಗುಣ. ಎರಡು ದಿನದಲ್ಲಿ ಹುಳಿ ವಾಸನೆ ಬಂದರೆ ಚೆಲ್ಲಿ, ಹೊಸದು ಮಾಡಿ.

ಮೈದಾ ಅಂಟು ಆಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಪೋಸ್ಟರ್ ಅಂಟಿಸಲು ಸರಿ, ಆಲ್ಬಮ್ಮಿಗೆ ಬೇಡ. ವರ್ಷ ಕಳೆದಂತೆ ಹಳದಿಯಾಗಿ ಗಡುಸಾಗುತ್ತದೆ, ಹುಳುವನ್ನೂ ಕರೆಯುತ್ತದೆ. ಬೈಂಡಿಂಗ್ ಮಾಡುವವರು ಹುಳು ಬಾರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುವುದುಂಟು. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಸಿಂಪಡಿಸುವ ಅದೇ ಮೈಲುತುತ್ತ. ಅದು ವಿಷ. ಮಕ್ಕಳು ಕೈ ಹಾಕುವ ಅಂಟಿಗೆ ಅದನ್ನು ಸೇರಿಸಬೇಡಿ.

ಇನ್ನು ಪುಸ್ತಕ. ಶಾಲೆಯ ಮಕ್ಕಳು ಬಳಸುವ ದಪ್ಪ ಡ್ರಾಯಿಂಗ್ ಹಾಳೆ ಐದು ಸಾಕು. ನಡುವೆ ಮಡಿಸಿ ಒಂದರೊಳಗೊಂದು ಸೇರಿಸಿದರೆ ಇಪ್ಪತ್ತು ಪುಟ. ಮಡಿಸುವಾಗ ಒಂದು ಗುಟ್ಟಿದೆ. ದಿನಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿದು ನೋಡಿ, ನೆಟ್ಟಗೆ ಬರುತ್ತದೆ. ಅಡ್ಡಕ್ಕೆ ಹರಿದರೆ ಸೊಟ್ಟಸೊಟ್ಟ. ಸೌದೆಗೆ ಇರುವಂತೆ ಕಾಗದಕ್ಕೂ ಎಳೆಯ ದಿಕ್ಕು ಇದೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿದರೆ ಯಾವ ಕಡೆ ಸಲೀಸಾಗಿ ಬಾಗುತ್ತದೆಯೋ ಆ ಕಡೆಗೇ ಮಡಿಸಿ. ಮಡಿಕೆ ಒಡೆಯುವುದಿಲ್ಲ, ಪುಟ ಸೆಟೆದು ನಿಲ್ಲುವುದಿಲ್ಲ.

ಫೋಟೊ ಹಾಕಿದ ಮೇಲೆ ಪುಸ್ತಕ ಉಬ್ಬಿ ಬಾಯಿ ತೆರೆಯುತ್ತದೆ. ಅದಕ್ಕೆ ಉಪಾಯ, ಪ್ರತಿ ಹಾಳೆಯ ಬೆನ್ನಿನ ಬಳಿ ಎರಡು ಇಂಚು ಅಗಲದ ಕಾಗದದ ಪಟ್ಟಿಯೊಂದನ್ನು ಮಡಿಸಿ ಸೇರಿಸುವುದು. ಬೆನ್ನು ದಪ್ಪವಾದರೆ ಒಳಗೆ ಫೋಟೊಗೆ ಜಾಗ ಸಿಗುತ್ತದೆ.

ಹೊಲಿಗೆಗೆ ದಬ್ಬಣ, ಗಟ್ಟಿ ನೂಲು, ಮೂರು ತೂತು. ಒಳಗಿನಿಂದ ನಡುವಿನ ತೂತಿಗೆ ಹಾಕಿ ಹೊರಗೆ ತೆಗೆಯಿರಿ. ಮೇಲಿನ ತೂತಿನಿಂದ ಒಳಗೆ ಬನ್ನಿ. ನಡುವಿನ ತೂತನ್ನು ದಾಟಿ ನೇರ ಕೆಳಗಿನ ತೂತಿನಿಂದ ಹೊರಗೆ ಹೋಗಿ. ಮತ್ತೆ ನಡುವಿನ ತೂತಿನಿಂದ ಒಳಗೆ ಬಂದು, ಉದ್ದದ ನೂಲನ್ನು ನಡುವೆ ಇಟ್ಟು ಎರಡೂ ತುದಿ ಗಂಟು ಹಾಕಿ. ಕೌದಿ ಹೊಲಿಯುವ ಹೆಂಗಸರು ಇದನ್ನು ಒಮ್ಮೆ ನೋಡಿದರೆ ಸಾಕು, ಎರಡನೇ ಸಲ ನಮಗೇ ಕಲಿಸುತ್ತಾರೆ. ಮೇಲುಹೊದಿಕೆಗೆ ಸೀರೆ ಡಬ್ಬಿಯ ರಟ್ಟು, ಅದರ ಮೇಲೆ ಹಳೆಯ ಲಗ್ನಪತ್ರಿಕೆಯ ಬಂಗಾರದ ಅಚ್ಚಿನ ಗಣಪ. ಆ ರಟ್ಟು ಫೋಟೊಗೆ ನೇರ ತಾಗದಂತೆ ನಡುವೆ ಒಂದು ಬಿಳಿ ಹಾಳೆ ಇರಲಿ.

ಫೋಟೊಗೆ ಅಂಟು ಹಚ್ಚಲೇಬೇಡಿ. ಒಂದು ಇಂಚು ಅಗಲ, ಎರಡು ಇಂಚು ಉದ್ದದ ಕಾಗದದ ತುಂಡು ತೆಗೆದುಕೊಂಡು, ಮೇಲಿನ ಅಂಚಿನ ಎರಡೂ ಮೂಲೆಗಳನ್ನು ಕೆಳಗಿನ ಅಂಚಿನ ನಡುವಿಗೆ ಮಡಿಸಿ. ಪುಟ್ಟ ತ್ರಿಕೋನದ ಚೀಲವಾಗುತ್ತದೆ. ಫೋಟೊದ ನಾಲ್ಕು ಮೂಲೆಗೂ ಒಂದೊಂದು ತೊಡಿಸಿ, ಚೀಲದ ಹಿಂಭಾಗಕ್ಕಷ್ಟೇ ಅಂಟು ಹಚ್ಚಿ ಪುಟಕ್ಕೆ ಕೂರಿಸಿ. ಬೇಕಾದಾಗ ಫೋಟೊ ತೆಗೆದು ಸ್ಟುಡಿಯೊಗೆ ಒಯ್ಯಬಹುದು, ಮತ್ತೆ ಸಿಕ್ಕಿಸಬಹುದು.

ಪತ್ರಿಕೆಯ ತುಣುಕು ಹಳದಿಯಾಗುವುದು ಆ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುವುದರಿಂದ. ಅದನ್ನು ಫೋಟೊದ ಎದುರು ಪುಟಕ್ಕೆ ಹಾಕಬೇಡಿ, ಅದರ ಆಮ್ಲ ಫೋಟೊಗೂ ಹತ್ತುತ್ತದೆ. ಒಂದು ಜೆರಾಕ್ಸ್ ತೆಗೆಸಿ ಅದನ್ನೇ ಅಂಟಿಸಿ. ಈಗಿನ ಬಸ್ ಟಿಕೆಟ್, ಎಟಿಎಂ ಚೀಟಿಗಳದ್ದೂ ಇದೇ ಕತೆ. ಶಾಖದಿಂದ ಮೂಡಿಸಿದ ಆ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಬಹುದು.

ಅಲಂಕಾರ ಮಕ್ಕಳಿಗೆ ಬಿಡಿ. ಅರಳಿ ಎಲೆಯನ್ನು ಕೆಲವು ವಾರ ನೀರಲ್ಲಿ ನೆನೆಹಾಕಿ ಮೆಲ್ಲಗೆ ತಿಕ್ಕಿದರೆ ಹಸಿರೆಲ್ಲ ಹೋಗಿ ಜಾಲರಿ ಉಳಿಯುತ್ತದೆ. ಅರಿಸಿನ ಬಳಿದ ಕಾಗದದ ಮೇಲೆ ಸುಣ್ಣದ ನೀರಲ್ಲಿ ಬರೆದರೆ ಅಕ್ಷರ ಕೆಂಪಗೆ ಏಳುತ್ತದೆ. ಅರಿಸಿನದ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ, ಹಾಗಾಗಿ ಅದು ಒಳಪುಟಕ್ಕೆ.

ನೆನೆದು ಒಂದಕ್ಕೊಂದು ಅಂಟಿದ ಫೋಟೊಗಳನ್ನು ತರುವವರೂ ಇದ್ದಾರೆ. ಎಳೆದು ಬಿಡಿಸಬೇಡಿ. ಇನ್ನೂ ಹಸಿ ಇರುವಾಗಲೇ ಸ್ಟುಡಿಯೊ ಫೋಟೊಗಳನ್ನು ಶುದ್ಧ ತಣ್ಣೀರಿನಲ್ಲಿ ಬಿಡಿ, ನಿಧಾನವಾಗಿ ಬೇರೆಯಾಗುತ್ತವೆ. ಚಿತ್ರದ ಮೇಲೆ ಒರೆಸದೆ, ಮುಖ ಮೇಲಾಗಿ ಬಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಒಣಗಿ ವರ್ಷಗಳಾಗಿದ್ದರೆ, ಮೇಲೆ ಕಾಣುವಷ್ಟನ್ನು ಮೊದಲು ಫೋನಿನಲ್ಲಿ ತೆಗೆದಿಟ್ಟು ಆಮೇಲೆ ಕೈ ಹಾಕಿ. ಗಾಜಿಗೆ ಅಂಟಿದ್ದನ್ನು ಕೀಳದೆ ಗಾಜಿನ ಮೇಲಿಂದಲೇ ತೆಗೆಯಿರಿ. ಕಂಪ್ಯೂಟರಿನ ಇಂಕ್ ಪ್ರಿಂಟನ್ನು ಮಾತ್ರ ನೀರಿಗೆ ಹಾಕಬೇಡಿ, ಬಣ್ಣ ಹರಿದುಹೋಗುತ್ತದೆ.

ಇಷ್ಟೆಲ್ಲ ಸಾಮಾನು ಹೇಳಿದರೂ ನಮ್ಮ ಚೀಲದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಪೆನ್ಸಿಲ್ಲು. ಫೋಟೊ ಹಾಳಾಗದೆ ಉಳಿದು, ಅದರಲ್ಲಿರುವವರು ಯಾರೆಂದು ಹೇಳುವವರೇ ಇಲ್ಲದ ಮನೆಗಳನ್ನು ನಾವು ಬಹಳ ನೋಡಿದ್ದೇವೆ.

ಒಂದು ಮನೆಯಲ್ಲಿ ಮದುವೆಯ ಗುಂಪುಫೋಟೊ ಇತ್ತು. ಹನ್ನೊಂದು ಜನ ಹೆಂಗಸರು ನೆಲದ ಮೇಲೆ ಕೂತಿದ್ದರು, ಗಂಡಸರು ಹಿಂದೆ ನಿಂತಿದ್ದರು. ಗಂಡಸರ ಹೆಸರನ್ನು ಮನೆಯ ಯಜಮಾನರು ಪಟಪಟ ಹೇಳಿದರು. ಹೆಂಗಸರ ಸಾಲಿಗೆ ಬಂದಾಗ ‘ಇವರ ಹೆಂಡತಿ, ಅವರ ಹೆಂಡತಿ’ ಎಂದು ಬರೆಸತೊಡಗಿದರು. ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅವರ ತಾಯಿ ತಲೆಯೆತ್ತಿದರು.

“ಅವ್ರ ಹೇಂತಿ ಅಂತ ಬರೀಬ್ಯಾಡ ತಂಗಿ. ಆಕೀಗೂ ಒಂದ್ ಹೆಸರೈತಿ. ತಾ ಇಲ್ಲಿ.”

ಫೋಟೊವನ್ನು ಕಣ್ಣಿಗೆ ಹತ್ತಿರ ಹಿಡಿದು ಒಬ್ಬೊಬ್ಬರನ್ನೇ ಹೇಳಿದರು. ಈಕೆ ಯಾವ ಊರಿನವಳು, ಈಕೆಯ ಹಾಡು ಹೇಗಿತ್ತು, ಈಕೆ ಚೊಚ್ಚಲ ಹೆರಿಗೆಯಲ್ಲೇ ಹೋದಳು. ಆ ಕೊನೆಯವಳ ಇನ್ನೊಂದು ಫೋಟೊ ಯಾರ ಮನೆಯಲ್ಲೂ ಇಲ್ಲವಂತೆ. ಒಂಬತ್ತು ಹೆಸರು ಸಿಕ್ಕವು. ಇಬ್ಬರ ಹೆಸರು ಎಷ್ಟು ಯೋಚಿಸಿದರೂ ಬರಲಿಲ್ಲ. “ನಾಳಿಗೆ ನೆಪ್ಪಾದ್ರ ಹೇಳ್ತೀನಿ” ಎಂದರು. ಅವರು ಮುಂದಿನ ಚಳಿಗಾಲದಲ್ಲಿ ತೀರಿಕೊಂಡರು. ಆ ಪುಟದಲ್ಲಿ ಒಂಬತ್ತು ಹೆಸರೂ ಎರಡು ಖಾಲಿ ಗೆರೆಗಳೂ ಇವೆ.

ಅದಾದ ಮೇಲೆ ನಾವು ಕೆಲಸದ ಕ್ರಮವನ್ನೇ ಬದಲಿಸಿದೆವು. ಅಂಟು ಕಾಯಿಸುವ ಮೊದಲು, ಹಾಳೆ ಮಡಿಸುವ ಮೊದಲು, ಮನೆಯ ಹಿರಿಯರ ಪಕ್ಕ ಕೂತು ಹೆಸರು ಬರೆಯುತ್ತೇವೆ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಗುರುತು ಚಿತ್ರದ ಕಡೆಗೆ ಮೂಡುತ್ತದೆ, ಶಾಯಿ ಹರಡುತ್ತದೆ. ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಹಗುರವಾಗಿ, ಫೋಟೊದ ಹಿಂದೆ ಅಂಚಿನಲ್ಲಿ. ಹಿಂಬದಿ ಪ್ಲಾಸ್ಟಿಕ್ಕಿನಂತೆ ನುಣುಪಾಗಿದ್ದರೆ ಪಕ್ಕದ ಪುಟದಲ್ಲಿ. ಹೆಸರು, ಊರು, ಸಂಬಂಧ, ಗೊತ್ತಿದ್ದರೆ ವರ್ಷ, ಮತ್ತು ಇದನ್ನು ಹೇಳಿದವರು ಯಾರು ಎಂಬುದು.

ಮುಗಿದ ಆಲ್ಬಮ್ಮನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೂ ನೆಲಕ್ಕೂ ತಾಗದ ಜಾಗದಲ್ಲಿ, ಮಾಡಿನ ಸೋರಿಕೆ ಇಲ್ಲದ ಕಡೆ ಇಡಿ. ಬಟ್ಟೆಯ ಹೊರಗೆ ಚೆನ್ನಾಗಿ ಒಣಗಿದ ಬೇವಿನ ಎಲೆ ಇಡಬಹುದು. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು, ನೆರಳಲ್ಲಿ ಪುಟ ತಿರುವಿ ಗಾಳಿಯಾಡಿಸಿ. ನದಿ ದಂಡೆಯ ಊರಾದರೆ ಅಟ್ಟವೇ ಒಳ್ಳೆಯದು.

ಸಾಮಾನು ತರಲು ಮುಂದಿನ ಸಂತೆಯವರೆಗೆ ಕಾಯಬಹುದು, ಹೊಲಿಗೆಯನ್ನು ದೀಪಾವಳಿ ರಜೆಗೆ ಮಕ್ಕಳ ಜೊತೆ ಕೂತು ಹಾಕಬಹುದು. ಹೆಸರಿನ ಕೆಲಸ ಮಾತ್ರ ಇವತ್ತೇ ಆಗಲಿ. ಟ್ರಂಕಿನ ಕವರು ತೆಗೆದು, ಅಜ್ಜಿಯ ಕನ್ನಡಕ ಒರೆಸಿಕೊಟ್ಟು, ಒಂದೊಂದೇ ಫೋಟೊ ಕೈಗಿಟ್ಟು ಕೇಳಿ.